ಹಗೇವಿನ ಮೇಲಿನ ಕಟ್ಟೆ: ನಕ್ಷೆಯಲ್ಲಿ ಒಂದರಡಿ ಒಂದು ಅಡಗಿದ ವಸ್ತುಗಳನ್ನು ಹಿಡಿದ ದಾಖಲೆ

ಕಲಬುರಗಿಯ ಬ್ರಹ್ಮಪುರದಲ್ಲಿರುವ ನಮ್ಮ ಹಳೆಯ ಮನೆಯ ಅಡುಗೆ ಮನೆಯಲ್ಲಿ ನಿಂತು ಅಡುಗೆ ಮಾಡುವ ಕಟ್ಟೆಯೊಂದನ್ನು ಕಟ್ಟಿಸಬೇಕೆಂದು ಕಳೆದ ಬೇಸಿಗೆಯ ಆರಂಭದಲ್ಲಿ ನಿರ್ಧರಿಸಿದೆವು. ಅವ್ವ ಇಷ್ಟು ವರ್ಷ ನೆಲದ ಮೇಲೆ ಕುಳಿತೇ ರೊಟ್ಟಿ ಬಡಿದವಳು. ಈಗ ಮೊಣಕಾಲು ನೋವಿನಿಂದಾಗಿ ಕುಳಿತು ಏಳುವುದು ಆಕೆಗೆ ಕಷ್ಟವಾಗಿದೆ. ಗೌಂಡಿಯವರನ್ನು ಕರೆಸಿ ಜಾಗ ತೋರಿಸಿದಾಗ ಅವರು ಕೆಲಸಕ್ಕೆ ಒಪ್ಪಿಕೊಂಡರು, ಆದರೆ ಒಂದು ಷರತ್ತು ಹಾಕಿದರು: "ಅಕ್ಕಾರ, ಈ ನೆಲದಾಗ ಹಗೇವು ಅದ ಅಂತೀರಿ. ಅದು ಎಲ್ಲಿಂದ ಎಲ್ಲೀಮಟ ಅದ ಅಂತ ಅಳತಿ ಕೊಡ್ರಿ, ಆಮ್ಯಾಲೆ ಕಲ್ಲು ನಿಲ್ಲಸ್ತೀನಿ." ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಅವರ ಮಾತು ನ್ಯಾಯವಾದುದಾಗಿತ್ತು. ಹಾಗಾಗಿ ಅಡುಗೆ ಮನೆಯನ್ನು ಅಳೆದು, ಕಂಪ್ಯೂಟರಿನಲ್ಲಿ ನಕ್ಷೆ ಬರೆದು, ಹಗೇವು, ಕಟ್ಟೆ, ಸಿಲಿಂಡರ್, ಗೂಡು, ಅಟ್ಟ ಎಲ್ಲವನ್ನೂ ಒಂದೇ ಕಡೆ ಇಟ್ಟು ನೋಡುವ ಕೆಲಸವನ್ನು ನಾನು ಕೈಗೆತ್ತಿಕೊಂಡೆ. ನಕ್ಷೆ ಬರೆಯುವುದು ಒಂದು ದಿನದ ಕೆಲಸವಾಯಿತು. ಬರೆದ ವಸ್ತುಗಳಲ್ಲಿ ಬೇಕಾದುದನ್ನು ಮತ್ತೆ ಹಿಡಿಯುವುದನ್ನು ಕಲಿಯಲು ಒಂದು ವಾರ ಹಿಡಿಯಿತು. ಈ ದಾಖಲೆ ಬಹುಪಾಲು ಆ ಒಂದು ವಾರದ್ದು.

ಮೊದಲ ಶನಿವಾರ: ಅಳತೆ

ನಮ್ಮ ಮನೆಯ ಗೋಡೆಗಳು ಶಹಾಬಾದ್ ಕಲ್ಲಿನವು, 18 ಇಂಚು ದಪ್ಪ. ಮೇಲ್ಛಾವಣಿಯೂ ಕಬ್ಬಿಣದ ಗರ್ಡರಿನ ಮೇಲೆ ಹಾಸಿದ ಅದೇ ಕಲ್ಲಿನ ಚಪ್ಪಡಿಗಳದ್ದು, ನೆಲವೂ ಅದೇ ಕಲ್ಲಿನ ಪರಸಿ. ಇಂಥ ಮನೆಯಲ್ಲಿ ಸಾಮಾನು ಇಡುವ ಜಾಗಗಳು ಗೋಡೆಯ ಹೊರಗಿರುವಷ್ಟೇ ಗೋಡೆಯ ಒಳಗೂ ಇರುತ್ತವೆ. ದೀಪದ ಗೂಡು, ಉಪ್ಪಿನ ಗೂಡು, ಹೊಗೆ ಹೋಗುವ ಕಿಂಡಿ ಇವೆಲ್ಲ ಗೋಡೆಯ ದಪ್ಪದಲ್ಲೇ ಕೊರೆದವು. ಅಡುಗೆ ಮನೆಯ ಒಳ ಅಳತೆ 11 ಅಡಿಗೆ 9 ಅಡಿ. ಪೂರ್ವದ ಗೋಡೆ 9 ಅಡಿ ಉದ್ದವಿದ್ದು, ಕಟ್ಟೆ ಅದರ ಉದ್ದಕ್ಕೂ ಬರಬೇಕು. ಒಲೆ ಆಗ್ನೇಯದ ಮೂಲೆಯಲ್ಲಿರಬೇಕು ಎಂಬುದು ಅವ್ವನ ಕಟ್ಟುನಿಟ್ಟಾದ ಅಪೇಕ್ಷೆ.

ಹಗೇವನ್ನು ಅಳೆಯುವುದೇ ಹೆಚ್ಚು ಹೊತ್ತು ತೆಗೆದುಕೊಂಡಿತು. ಜೋಳ ತುಂಬಿಡುತ್ತಿದ್ದ ಹಗೇವಿನ ಬಾಯಿ ಕಿರಿದು, ಹೊಟ್ಟೆ ಅಗಲ. ಮೇಲಿಂದ ಕಾಣುವ ಬಾಯಿಯನ್ನು ಮಾತ್ರ ಅಳೆದು ಸುಮ್ಮನಾದರೆ ಮೋಸ ಹೋಗುತ್ತೇವೆ. ಮುಚ್ಚುಗಲ್ಲನ್ನು ಅಪ್ಪ ಮತ್ತು ತಮ್ಮ ಸೇರಿ ಸರಿಸಿದರು. ಬಹಳ ಕಾಲ ಮುಚ್ಚಿದ್ದ ಹಗೇವಿನಲ್ಲಿ ಉಸಿರುಗಟ್ಟಿಸುವ ಕೆಟ್ಟ ಗಾಳಿ ನಿಂತಿರುತ್ತದೆ, ಆದ್ದರಿಂದ ಯಾರೂ ಒಳಗೆ ಇಳಿಯಬಾರದೆಂದು ಮೊದಲೇ ಮಾತಾಗಿತ್ತು. ದಾರಕ್ಕೆ ತೂಕದ ಕಲ್ಲು ಕಟ್ಟಿ ಇಳಿಬಿಟ್ಟಾಗ ಆಳ 7 ಅಡಿ ಬಂತು. ಹೊಟ್ಟೆಯ ಅಗಲಕ್ಕಾಗಿ ಉದ್ದನೆಯ ಕೋಲಿನ ತುದಿಗೆ ಇನ್ನೊಂದು ಕೋಲನ್ನು ಅಡ್ಡಲಾಗಿ ಕಟ್ಟಿ, ಅದು ಒಳಗೋಡೆಗೆ ತಾಗುವವರೆಗೆ ನಾಲ್ಕೂ ದಿಕ್ಕಿಗೆ ಸರಿಸಿ ಗುರುತು ಹಾಕಿಕೊಂಡೆವು. ಬಾಯಿಯ ಅಡ್ಡಗಲ 2 ಅಡಿ, ಹೊಟ್ಟೆಯ ಅಡ್ಡಗಲ 5 ಅಡಿ. ಬಾಯಿಯ ನಡುಬಿಂದು ಪೂರ್ವದ ಗೋಡೆಯಿಂದ 50 ಇಂಚು, ದಕ್ಷಿಣದ ಗೋಡೆಯಿಂದ 43 ಇಂಚು ದೂರದಲ್ಲಿದೆ. ಮುಂದೆ ಕಟ್ಟೆಯ ಕಲ್ಲುಗಳ ಜಾಗವನ್ನು ತೀರ್ಮಾನಿಸಿದ್ದು ಈ ಎರಡು ಅಂಕೆಗಳೇ.

ಭಾನುವಾರ: ನಕ್ಷೆ, ಮತ್ತು ಕೈಗೆ ಸಿಗದ ಸಿಲಿಂಡರ್

ನಾನು ಬಳಸಿದ್ದು ಸ್ವೀಟ್ ಹೋಮ್ ತ್ರೀಡಿ ಎಂಬ ತಂತ್ರಾಂಶ. ಫ್ರಾನ್ಸಿನ ಎಮ್ಯಾನುಯೆಲ್ ಪ್ಯುಬಾರೆ ಅದನ್ನು ರೂಪಿಸಿ 2006ರಲ್ಲಿ ಮೊದಲ ಬಾರಿಗೆ ಹೊರತಂದರು. ಅದು ಮುಕ್ತ ಪರವಾನಗಿಯಲ್ಲಿ ಉಚಿತವಾಗಿ ಸಿಗುತ್ತದೆ, ನಮ್ಮ ಮನೆಯಲ್ಲಿರುವ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಪರದೆಯ ಎಡ ಮೇಲ್ಭಾಗದಲ್ಲಿ ಸಿದ್ಧ ವಸ್ತುಗಳ ಭಂಡಾರ, ಅದರ ಕೆಳಗೆ ನಾವು ಮನೆಯೊಳಗೆ ಇಟ್ಟಿರುವ ವಸ್ತುಗಳ ಪಟ್ಟಿ, ಬಲಕ್ಕೆ ಮೇಲೆ ನಕ್ಷೆ, ಅದರ ಕೆಳಗೆ ಮೂರು ಆಯಾಮದ ನೋಟ ಇರುತ್ತವೆ. ಗೌಂಡಿಯವರೊಂದಿಗೆ ಅಡಿ ಮತ್ತು ಇಂಚಿನಲ್ಲೇ ಮಾತಾಡಬೇಕಾದ್ದರಿಂದ ಪ್ರಿಫರೆನ್ಸಸ್‌ನಲ್ಲಿ ಅಳತೆಯನ್ನು ಮೊದಲೇ ಇಂಚಿಗೆ ಬದಲಾಯಿಸಿಕೊಂಡೆ. ಹೊಸ ಗೋಡೆಗೆ ತಂತ್ರಾಂಶ ತಾನಾಗಿಯೇ ಕೊಡುವ ದಪ್ಪ ಸುಮಾರು 7.5 ಸೆಂಟಿಮೀಟರ್ ಮಾತ್ರ, ಅದನ್ನೂ ಬದಲಾಯಿಸಬೇಕಾಯಿತು.

ಕಟ್ಟೆಗೆ ತಕ್ಕ ವಸ್ತು ಭಂಡಾರದಲ್ಲಿ ಇರಲಿಲ್ಲ. ಬಾಕ್ಸ್ ಎಂಬ ಸಾದಾ ಪೆಟ್ಟಿಗೆಯ ಆಕಾರವನ್ನು ಎಳೆದು ತಂದು 9 ಅಡಿ ಉದ್ದ, 24 ಇಂಚು ಅಗಲ, 32 ಇಂಚು ಎತ್ತರಕ್ಕೆ ಹಿಗ್ಗಿಸಿದೆ. ಅದರ ಮೇಲೆ ಒಲೆಯನ್ನು ಬಿಟ್ಟಾಗ ಅದು ತಾನಾಗಿಯೇ ಕಟ್ಟೆಯ ಮೇಲೆ ಹೋಗಿ ಕುಳಿತದ್ದು ಕಂಡು ಸಂತೋಷವಾಯಿತು. ಬಳಿಕ ಸಿಲಿಂಡರಿಗೆಂದು ಇನ್ನೊಂದು ಬಾಕ್ಸನ್ನು ತಂದೆ. ನಮ್ಮ ಮನೆಯ 14.2 ಕೆ.ಜಿ. ಸಿಲಿಂಡರ್ ಟೇಪಿನಲ್ಲಿ ಸುಮಾರು 13 ಇಂಚು ಅಗಲ, 25 ಇಂಚು ಎತ್ತರ ಬಂದಿತ್ತು. ಆ ಅಳತೆ ಕೊಟ್ಟು ಕಟ್ಟೆಯ ಜಾಗದಲ್ಲಿ ಬಿಟ್ಟೆ. ಅದೂ ಕಟ್ಟೆಯ ಮೇಲೆಯೇ ಹೋಗಿ ನಿಂತಿತು. ಒಂದು ವಸ್ತುವಿನ ಹರವಿನೊಳಗೆ ಇನ್ನೊಂದು ಚಿಕ್ಕ ವಸ್ತುವನ್ನು ಬಿಟ್ಟರೆ ಅದನ್ನು ಮೇಲಿಡಬೇಕೆಂದೇ ಈ ತಂತ್ರಾಂಶ ತಿಳಿಯುತ್ತದೆ. ಮೇಜಿನ ಮೇಲೆ ದೀಪ ಇಡುವವರಿಗೆ ಇದು ಅನುಕೂಲ, ಕಟ್ಟೆಯ ಕೆಳಗೆ ಸಿಲಿಂಡರ್ ಇಡುವವರಿಗೆ ತೊಡಕು.

ಗಟ್ಟಿ ಪೆಟ್ಟಿಗೆಯೊಳಗೆ ಸಿಲಿಂಡರ್ ಹೊಗಲಾರದು ಎಂಬುದು ಆಗ ಹೊಳೆಯಿತು. ಕಟ್ಟೆಯನ್ನು ಅಳಿಸಿ, ನಿಜವಾಗಿ ಗೌಂಡಿಯವರು ಕಟ್ಟುವ ಹಾಗೆಯೇ ಬರೆದೆ: ನೆಲದಿಂದ 30 ಇಂಚು ಎತ್ತರದಲ್ಲಿ 2 ಇಂಚಿನ ಹಾಸುಗಲ್ಲು, ಅದನ್ನು ಹೊರಲು ನಡುವೆ 2 ಇಂಚು ದಪ್ಪದ ಎರಡು ಆನಿಕೆ ಕಲ್ಲುಗಳು, ಎರಡೂ ತುದಿಗಳಿಗೆ ಗೋಡೆಯ ಆಸರೆ. ಸಿಲಿಂಡರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ, ತೆರೆದ ಕಿಟಕಿಯಲ್ಲಿ ಎಲಿವೇಶನ್ ಎಂಬಲ್ಲಿ, ಅಂದರೆ ನೆಲದಿಂದ ವಸ್ತುವಿನ ತಳದವರೆಗಿನ ಎತ್ತರದಲ್ಲಿ, 0 ಎಂದು ತುಂಬಿದೆ. ಸಿಲಿಂಡರ್ ಕೆಳಗಿಳಿದು ಹಾಸುಗಲ್ಲಿನ ಅಡಿ ಸರಿಯಾಗಿ ಕುಳಿತಿತು. ಉರಿಯುವ ಒಲೆ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು ಎಂಬ ನಿಯಮಕ್ಕೂ ಅದು ಹೊಂದಿತು. ಮೇಲೆ 7 ಅಡಿಯಲ್ಲಿ ಅಟ್ಟದ ಕಲ್ಲನ್ನೂ, ಅದರ ಕೆಳಗೆ ಟ್ಯೂಬ್‌ಲೈಟನ್ನೂ, ಎರಡು ಗೂಡುಗಳಲ್ಲಿ ಹಲಗೆಗಳನ್ನೂ ಇಟ್ಟೆ.

ಆ ಬಳಿಕ ಸಿಲಿಂಡರನ್ನು ನಾಲ್ಕು ಇಂಚು ಉತ್ತರಕ್ಕೆ ಸರಿಸೋಣವೆಂದು ಅದರ ಮೇಲೆ ಕ್ಲಿಕ್ ಮಾಡಿದರೆ ಅಟ್ಟ ಸಿಕ್ಕಿತು. ಸ್ವಲ್ಪ ಪಕ್ಕಕ್ಕೆ ಕ್ಲಿಕ್ ಮಾಡಿದರೂ ಅಟ್ಟವೇ. ಅಟ್ಟದ ಅಂಚಿನ ಹೊರಗೆ ಕ್ಲಿಕ್ ಮಾಡಿದರೆ ಹಾಸುಗಲ್ಲು, ಅದರಾಚೆಗೆ ಅಡುಗೆ ಮನೆಯ ನೆಲವೇ ಒಂದು ವಸ್ತುವಾಗಿ ಆಯ್ಕೆಯಾಗುತ್ತಿತ್ತು. ಮೌಸನ್ನು ಎಳೆದು ಚೌಕಟ್ಟು ಹಾಕಿದರೆ ಮೂಲೆಯಲ್ಲಿದ್ದ ಎಲ್ಲವೂ ಗೋಡೆಯ ಸಮೇತ ಒಟ್ಟಿಗೆ ಬಂದವು. ಶಿಫ್ಟ್ ಒತ್ತಿ ಬೇಡವಾದವುಗಳನ್ನು ಬಿಡಿಸಲು ಹೋದರೆ ಪ್ರತಿ ಕ್ಲಿಕ್ಕಿಗೂ ಮೇಲಿನ ಅಟ್ಟವೇ ಬಿಡುತ್ತ, ಸೇರುತ್ತ ಇತ್ತು.

ಇದಕ್ಕೆ ಕಾರಣ ಸರಳವಾಗಿದೆ. ನಕ್ಷೆ ಎಂದರೆ ಸೂರನ್ನು ತೆಗೆದು ಮೇಲಿನಿಂದ ಇಣುಕಿದ ನೋಟ. ಆ ನೋಟದಲ್ಲಿ ಒಂದು ಬಿಂದುವಿನ ಕೆಳಗೆ ಹಲವು ವಸ್ತುಗಳಿದ್ದಾಗ, ಯಾವುದರ ತಳ ಹೆಚ್ಚು ಎತ್ತರದಲ್ಲಿದೆಯೋ ಅದನ್ನು ತಂತ್ರಾಂಶ ಮೇಲಾಗಿ ಚಿತ್ರಿಸುತ್ತದೆ, ಕ್ಲಿಕ್ಕಿಗೆ ಅದನ್ನೇ ಕೊಡುತ್ತದೆ. ಸೋಫಾ, ಮಂಚ, ಮೇಜುಗಳು ಪಕ್ಕ ಪಕ್ಕದಲ್ಲಿರುವ ಮನೆಯಲ್ಲಿ ಈ ಕ್ರಮದಿಂದ ಯಾವ ತೊಂದರೆಯೂ ಆಗುವುದಿಲ್ಲ. ನಮ್ಮ ಆಗ್ನೇಯದ ಮೂಲೆಯಲ್ಲಿ ಮಾತ್ರ ಮೂರಡಿ ಜಾಗದೊಳಗೆ ಸಿಲಿಂಡರ್, ಆನಿಕೆ ಕಲ್ಲು, ಹಾಸುಗಲ್ಲು, ಒಲೆ, ಟ್ಯೂಬ್‌ಲೈಟ್, ಅಟ್ಟ ಇವೆಲ್ಲ ಒಂದರ ಮೇಲೊಂದು ನಿಂತಿದ್ದವು, ಇನ್ನು ಹಗೇವು ಬರುವುದಿತ್ತು.

ಸೋಮವಾರ ಮತ್ತು ಮಂಗಳವಾರದ ರಾತ್ರಿಗಳು

ಮೊದಲು ಹೊಳೆದ ಉಪಾಯ ಮೇಲಿನದನ್ನು ಮರೆಮಾಡುವುದು. ವಸ್ತುಗಳ ಪಟ್ಟಿಯಲ್ಲಿ ಪ್ರತಿಯೊಂದರ ಮುಂದೆಯೂ ವಿಸಿಬಲ್ ಎಂಬ ಚೌಕವಿದೆ. ಅದರ ಗುರುತನ್ನು ತೆಗೆದರೆ ಆ ವಸ್ತು ನಕ್ಷೆಯಿಂದಲೂ ಮೂರು ಆಯಾಮದ ನೋಟದಿಂದಲೂ ಕಾಣೆಯಾಗುತ್ತದೆ, ಪಟ್ಟಿಯಲ್ಲಿ ಮಾತ್ರ ಉಳಿದಿರುತ್ತದೆ. ಅಟ್ಟ, ಟ್ಯೂಬ್‌ಲೈಟ್, ಒಲೆ, ಹಾಸುಗಲ್ಲು ನಾಲ್ಕನ್ನೂ ಮರೆಮಾಡಿದ ಮೇಲೆ ಸಿಲಿಂಡರ್ ಕೈಗೆ ಸಿಕ್ಕಿತು. ಕೆಲಸವಾದ ಮೇಲೆ ಮೂರನ್ನು ಮರಳಿ ತಂದೆ, ಅಟ್ಟವನ್ನು ಮರೆತೆ. ಮರುದಿನ ಆ ಚಿತ್ರವನ್ನು ಅವ್ವನಿಗೆ ತೋರಿಸಿದಾಗ ಆಕೆ ಗಾಬರಿಯಾಗಿ, "ಅಟ್ಟಾ ತಗಸ್ತೀ ಏನವಾ? ಭಾಂಡಿ ಎಲ್ಲಿ ಇಡಬೇಕು?" ಎಂದು ಕೇಳಿದಳು. ಅದೇ ಚಿತ್ರ ಗೌಂಡಿಯವರ ಕೈಗೆ ಹೋಗಿದ್ದರೆ ಅಟ್ಟದ ಅಳತೆಯಿಲ್ಲದೆಯೇ ಕೆಲಸ ಶುರುವಾಗುತ್ತಿತ್ತು. ಮರೆಮಾಡುವುದು ಒಂದೆರಡು ನಿಮಿಷಕ್ಕೆ ತಕ್ಕ ಉಪಾಯ. ಮುಂದುವರಿಯುತ್ತ ಹೋಗುವ ಕೆಲಸಕ್ಕೆ ಅದನ್ನು ನೆಚ್ಚಿಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ.

ಎರಡನೆಯ ದಾರಿ ಪಟ್ಟಿಯಿಂದಲೇ ಆಯ್ಕೆ ಮಾಡುವುದು. ಪಟ್ಟಿಯಲ್ಲಿ ಒಂದು ಸಾಲಿನ ಮೇಲೆ ಕ್ಲಿಕ್ ಮಾಡಿದರೆ ಆ ವಸ್ತು ನಕ್ಷೆಯಲ್ಲಿ ಎಷ್ಟೇ ಅಡಿಯಲ್ಲಿದ್ದರೂ ಆಯ್ಕೆಯಾಗುತ್ತದೆ, ಎರಡು ಸಲ ಕ್ಲಿಕ್ ಮಾಡಿದರೆ ಅದರ ಅಳತೆಯ ಕಿಟಕಿ ತೆರೆಯುತ್ತದೆ. ದಾರಿ ಸರಿಯಾದದ್ದೇ, ಆದರೆ ನನ್ನ ಪಟ್ಟಿ ಸರಿಯಿರಲಿಲ್ಲ. ಹಾಸುಗಲ್ಲು, ಆನಿಕೆಗಳು, ಸಿಲಿಂಡರ್, ಅಟ್ಟ, ಗೂಡಿನ ಹಲಗೆಗಳು ಎಲ್ಲವನ್ನೂ ನಾನು ಬಾಕ್ಸಿನಿಂದಲೇ ಮಾಡಿದ್ದರಿಂದ ಪಟ್ಟಿಯ ತುಂಬ ಬಾಕ್ಸ್, ಬಾಕ್ಸ್ ಎಂದೇ ಇತ್ತು. ಅಗಲ ಮತ್ತು ಎತ್ತರದ ಅಂಕೆಗಳನ್ನು ನೋಡಿ ಊಹಿಸಬೇಕಾಗುತ್ತಿತ್ತು, ಎರಡು ಆನಿಕೆಗಳ ಅಳತೆ ಒಂದೇ ಆದ್ದರಿಂದ ಅಲ್ಲಿ ಊಹೆಯೂ ನಡೆಯುತ್ತಿರಲಿಲ್ಲ.

ಅದೇ ರಾತ್ರಿ ಇನ್ನೊಂದು ತಪ್ಪು ನಡೆಯಿತು, ಅದನ್ನು ವಿವರವಾಗಿ ಬರೆದಿಡುತ್ತೇನೆ, ಏಕೆಂದರೆ ಚಿಕ್ಕ ವಸ್ತುಗಳ ವಿಷಯದಲ್ಲಿ ಇದು ಯಾರಿಗೂ ಆಗಬಹುದು. ವಸ್ತುವೊಂದು ಆಯ್ಕೆಯಾದಾಗ ಅದರ ನಾಲ್ಕು ಮೂಲೆಗಳಲ್ಲಿ ನಾಲ್ಕು ಹಿಡಿಗಳು ಮೂಡುತ್ತವೆ: ಒಂದು ತಿರುಗಿಸಲು, ಒಂದು ನೆಲದಿಂದ ಮೇಲೆತ್ತಲು, ಒಂದು ವಸ್ತುವಿನ ಎತ್ತರ ಬದಲಿಸಲು, ಮತ್ತೊಂದು ಅಗಲ ಮತ್ತು ಆಳ ಬದಲಿಸಲು. ದೊಡ್ಡ ಹಾಸುಗಲ್ಲಿನಲ್ಲಿ ಇವು ದೂರ ದೂರ ಇರುತ್ತವೆ. 13 ಇಂಚಿನ ಸಿಲಿಂಡರಿನಲ್ಲಿ, ಅದೂ ಇಡೀ ಮನೆ ಪರದೆಯಲ್ಲಿ ಕಾಣುವಷ್ಟು ನಕ್ಷೆಯನ್ನು ಚಿಕ್ಕದಾಗಿಸಿದ್ದಾಗ, ನಾಲ್ಕೂ ಒಂದಕ್ಕೊಂದು ತಾಗಿಕೊಂಡಂತಿರುತ್ತವೆ. ಪಟ್ಟಿಯಿಂದ ಸಿಲಿಂಡರನ್ನು ಆಯ್ದು ನಕ್ಷೆಯಲ್ಲಿ ಮೌಸಿನಿಂದ ಸರಿಸಲು ಹೋದ ನಾನು ಮೇಲೆತ್ತುವ ಹಿಡಿಯನ್ನು ಎಳೆದುಬಿಟ್ಟೆ. ಮೇಲಿನಿಂದ ನೋಡುವ ನಕ್ಷೆಯಲ್ಲಿ ಅದರ ಸುಳಿವು ಹತ್ತಲಿಲ್ಲ. ಮೂರು ಆಯಾಮದ ನೋಟವನ್ನು ತಿರುಗಿಸಿದಾಗ ಸಿಲಿಂಡರ್ ಹಾಸುಗಲ್ಲನ್ನೂ ಒಲೆಯನ್ನೂ ತೂರಿಕೊಂಡು ನಿಂತಿತ್ತು.

ಆ ಮೇಲೆ ಅಡಗಿದ ವಸ್ತುಗಳನ್ನು ಮೌಸಿನಿಂದ ಎಳೆಯುವುದನ್ನೇ ನಿಲ್ಲಿಸಿದೆ. ಪಟ್ಟಿಯಿಂದ ಆಯ್ದ ಬಳಿಕ ಸ್ವಲ್ಪ ಸರಿಸಬೇಕಾದರೆ ಕೀಲಿಮಣೆಯ ಬಾಣದ ಗುರುತಿನ ಕೀಲಿಗಳು ಸಾಕು. ಅಳತೆ ಗೊತ್ತಿದ್ದು ನಿಖರವಾಗಿ ಕೂರಿಸಬೇಕಾದರೆ ಕಿಟಕಿಯಲ್ಲಿರುವ ಎಕ್ಸ್, ವೈ ಮತ್ತು ಎಲಿವೇಶನ್ ಅಂಕೆಗಳನ್ನೇ ತುಂಬುವುದು ಎಲ್ಲಕ್ಕಿಂತ ಸುರಕ್ಷಿತ. ಪಟ್ಟಿಗೆ ಎಲಿವೇಶನ್ನಿನ ಕಾಲಮನ್ನು ಸೇರಿಸಿಕೊಳ್ಳುವ ಅವಕಾಶ ಫರ್ನಿಚರ್ ಮೆನುವಿನಲ್ಲಿದೆ. ಅದನ್ನು ಸೇರಿಸಿ, ಅದರ ಪ್ರಕಾರವೇ ಸಾಲುಗಳನ್ನು ಜೋಡಿಸಿದಾಗ ಪಟ್ಟಿ ಇದ್ದಕ್ಕಿದ್ದಂತೆ ಅರ್ಥಪೂರ್ಣವಾಯಿತು. ನೆಲಕ್ಕೆ ತಾಗಿದವು ಒಂದು ಕಡೆ, ಹಾಸುಗಲ್ಲು ಮತ್ತು ಒಲೆ ಅವುಗಳ ನಂತರ, ಅಟ್ಟ ಕೊನೆಯಲ್ಲಿ. ನಕ್ಷೆ ಮುಚ್ಚಿಟ್ಟಿದ್ದ ಪದರಗಳನ್ನು ಪಟ್ಟಿ ಬಿಚ್ಚಿ ತೋರಿಸಿತು, ತಪ್ಪಿ ಮೇಲೇರಿದ ವಸ್ತು ಯಾವುದೆಂದು ಒಂದೇ ನೋಟಕ್ಕೆ ತಿಳಿಯುವಂತಾಯಿತು.

ಮಂಗಳವಾರ ಇಡೀ ಸಂಜೆಯನ್ನು ಹೆಸರಿಡುವುದಕ್ಕೇ ಕೊಟ್ಟೆ. ಹೆಸರಿನ ಮುಂದೆ ಪದರದ ಅಂಕೆ ಹಾಕಿದೆ: ನೆಲದೊಳಗಿನದಕ್ಕೆ 0, ನೆಲದ ಮೇಲಿನದಕ್ಕೆ 1, ಕಟ್ಟೆಯ ಮಟ್ಟದ್ದಕ್ಕೆ 2, ಗೋಡೆಯಲ್ಲಿರುವುದಕ್ಕೆ 3, ತಲೆಯ ಮೇಲಿನದಕ್ಕೆ 4. ಹೀಗೆ "1 ಸಿಲಿಂಡರ್", "1 ಆನಿಕೆ ದಕ್ಷಿಣ", "1 ಆನಿಕೆ ಉತ್ತರ", "2 ಹಾಸುಗಲ್ಲು", "3 ಉಪ್ಪಿನ ಗೂಡು ಹಲಗೆ", "4 ಅಟ್ಟ" ಎಂಬ ಹೆಸರುಗಳಾದವು. ಬೇಸರದ ಕೆಲಸ ಇದು, ಆದರೆ ಇಡೀ ವಾರದಲ್ಲಿ ನಾನು ಮಾಡಿದ ಅತ್ಯಂತ ಉಪಯುಕ್ತ ಕೆಲಸವೂ ಇದೇ. ವಸ್ತುವನ್ನು ನಕ್ಷೆಗೆ ತಂದ ಗಳಿಗೆಯಲ್ಲೇ ಹೆಸರಿಟ್ಟಿದ್ದರೆ ಎರಡು ರಾತ್ರಿ ಉಳಿಯುತ್ತಿದ್ದವು.

ಹೆಸರಿಟ್ಟ ಫಲ ಇನ್ನೊಂದು ಕಡೆಯೂ ಸಿಕ್ಕಿತು. ನಕ್ಷೆಯಲ್ಲಿ ವಸ್ತುಗಳು ಒಂದರ ಮೇಲೊಂದಿರುವ ಜಾಗದಲ್ಲಿ ಮೌಸಿನ ಬಲ ಗುಂಡಿ ಒತ್ತಿದರೆ ಬರುವ ಮೆನುವಿನಲ್ಲಿ ಸೆಲೆಕ್ಟ್ ಆಬ್ಜೆಕ್ಟ್ ಎಂಬ ಸಾಲು ಇದೆ. ಆ ಬಿಂದುವಿನ ಕೆಳಗೆ ಯಾವ ಯಾವ ವಸ್ತುಗಳಿವೆಯೋ ಅವೆಲ್ಲ ಅಲ್ಲಿ ಹೆಸರಿನೊಂದಿಗೆ ತೆರೆದುಕೊಳ್ಳುತ್ತವೆ, ಬೇಕಾದುದನ್ನು ಆಯ್ದುಕೊಳ್ಳಬಹುದು. ಅದರ ಜೊತೆಗಿರುವ ಟಾಗಲ್ ಸೆಲೆಕ್ಷನ್ ಎಂಬ ಸಾಲಿನಿಂದ ಈಗಾಗಲೇ ಆಯ್ದವುಗಳ ಗುಂಪಿಗೆ ಇನ್ನೊಂದನ್ನು ಸೇರಿಸಬಹುದು ಅಥವಾ ಗುಂಪಿನಿಂದ ಬಿಡಬಹುದು. ಭಾನುವಾರವೂ ನಾನು ಈ ಮೆನುವನ್ನು ತೆರೆದಿದ್ದೆ, ಆದರೆ ಅಲ್ಲಿ ಬಾಕ್ಸ್ ಎಂಬ ಒಂದೇ ಪದ ಸಾಲಾಗಿ ನಿಂತಿದ್ದರಿಂದ ಪ್ರಯೋಜನವಿಲ್ಲವೆಂದು ಮುಚ್ಚಿದ್ದೆ. ಈಗ ಅದೇ ಮೆನು ಮೂಲೆಯ ಸಾಮಾನನ್ನು ಮೇಲಿನಿಂದ ಕೆಳಗೆ ಎಣಿಸಿ ಹೇಳುವಂತಾಯಿತು. ಜಾಗ ಯಾವುದೆಂದು ಕಣ್ಣಿಗೆ ಗೊತ್ತಿದ್ದು ವಸ್ತು ಮಾತ್ರ ಅಡಿಯಲ್ಲಿದ್ದಾಗ ಈ ಮೆನು, ವಸ್ತುವಿನ ಹೆಸರು ಗೊತ್ತಿದ್ದು ಅದು ಎಲ್ಲಿದೆಯೆಂದು ತಿಳಿಯದಿದ್ದಾಗ ಪಟ್ಟಿ, ಹೀಗೆ ಎರಡನ್ನೂ ಬಳಸುತ್ತಿದ್ದೇನೆ.

ಗೋಡೆ ಮತ್ತು ನೆಲ

ಪಟ್ಟಿಗೆ ಒಂದು ಮಿತಿಯಿದೆ. ಅದರಲ್ಲಿ ಸಾಮಾನು, ಬಾಗಿಲು, ಕಿಟಕಿಗಳು ಮಾತ್ರ ಬರುತ್ತವೆ. ಗೋಡೆ, ಕೋಣೆಯ ನೆಲ, ಅಳತೆಯ ಗೆರೆಗಳು ಬರುವುದಿಲ್ಲ. ನಮ್ಮ ಗೂಡುಗಳು ಗೋಡೆಯನ್ನು ಪೂರ್ತಿ ತೂರಿಹೋಗದೆ ಅರ್ಧ ದಪ್ಪಕ್ಕೆ ನಿಲ್ಲುವುದರಿಂದ, 18 ಇಂಚಿನ ದಕ್ಷಿಣದ ಗೋಡೆಯನ್ನು 9 ಇಂಚಿನ ಎರಡು ಗೋಡೆಗಳಾಗಿ ಒಂದಕ್ಕೊಂದು ತಾಗಿಸಿ ಬರೆದು, ಒಳಗಿನದರಲ್ಲಿ ಮಾತ್ರ ಬಾಗಿಲಿಲ್ಲದ ತೆರವನ್ನು ಇಟ್ಟಿದ್ದೆ. ಮೂರು ಆಯಾಮದಲ್ಲಿ ಅದು ನಿಜವಾದ ಗೂಡಿನಂತೆಯೇ ಕಾಣುತ್ತದೆ. ಆದರೆ ಎರಡು ಗೋಡೆಗಳು ನಕ್ಷೆಯಲ್ಲಿ ಒಂದೇ ದಪ್ಪ ಗೋಡೆಯಂತೆ ಕಾಣುತ್ತಿದ್ದವು, ಗೋಡೆಗೆ ಹೆಸರಿಡುವ ಅವಕಾಶವೂ ಇಲ್ಲ. ಗೋಡೆಯ ಕಿಟಕಿಯಲ್ಲಿ ನಕ್ಷೆಯೊಳಗಿನ ಗೆರೆಗಳ ವಿನ್ಯಾಸವನ್ನು ಬದಲಿಸಬಹುದು. ಹೊರಗಿನದಕ್ಕೆ ಒಂದು, ಒಳಗಿನದಕ್ಕೆ ಇನ್ನೊಂದು ವಿನ್ಯಾಸ ಕೊಟ್ಟ ಮೇಲೆ, ಕಂಟ್ರೋಲ್ ಒತ್ತಿ ಮೌಸಿನ ಚಕ್ರ ತಿರುಗಿಸಿ ಹತ್ತಿರ ಹೋದರೆ ಯಾವ ಗೋಡೆಯನ್ನು ಮುಟ್ಟುತ್ತಿದ್ದೇನೆಂಬುದು ಸ್ಪಷ್ಟವಾಯಿತು.

ನೆಲದ ತೊಂದರೆಗೆ ಪರಿಹಾರ ಇನ್ನೂ ಸುಲಭ. ಗೋಡೆ, ಕೋಣೆ, ಬಾಗಿಲು, ಕಿಟಕಿಗಳ ಕೆಲಸ ಮುಗಿದ ಮೇಲೆ ಪ್ಲಾನ್ ಮೆನುವಿನಲ್ಲಿ ಲಾಕ್ ಬೇಸ್ ಪ್ಲಾನ್ ಎಂಬುದನ್ನು ಒತ್ತಿದರೆ ಅವೆಲ್ಲಕ್ಕೂ ಬೀಗ ಬೀಳುತ್ತದೆ, ಮೌಸಿಗೆ ಸಿಗುವುದಿಲ್ಲ. ನಕ್ಷೆಯ ಎರಡು ಅಳತೆಪಟ್ಟಿಗಳು ಕೂಡುವ ಮೂಲೆಯಲ್ಲೂ ಅದೇ ಬೀಗದ ಗುರುತು ಇದೆ. ಖಾಲಿ ಜಾಗದಲ್ಲಿ ಕ್ಲಿಕ್ ಮಾಡಿ ಇಡೀ ಅಡುಗೆ ಮನೆಯ ನೆಲವನ್ನು ನಾಲ್ಕು ಇಂಚು ಆಚೆ ಎಳೆದುಬಿಡುವ ಅಪಾಯ ಇದರಿಂದ ತಪ್ಪಿತು.

ಅಟ್ಟ ಮತ್ತು ಟ್ಯೂಬ್‌ಲೈಟ್ ಮಾತ್ರ ಆಗಲೂ ಉಳಿದೆಲ್ಲವನ್ನೂ ಮುಚ್ಚಿಕೊಂಡೇ ಇದ್ದವು. ಅವುಗಳಿಗಾಗಿ ಆಡ್ ಲೆವೆಲ್ ಆಟ್ ಸೇಮ್ ಎಲಿವೇಶನ್ ಎಂಬ ಆಯ್ಕೆಯನ್ನು ಬಳಸಿದೆ. ಅದು ಮಹಡಿಯನ್ನು ಎತ್ತರಿಸದೆ, ಅದೇ ನೆಲಮಟ್ಟದಲ್ಲಿ ಇನ್ನೊಂದು ಪದರವನ್ನು ತೆರೆಯುತ್ತದೆ. ನಕ್ಷೆಯ ಮೇಲೆ ಇನ್ನೊಂದು ಟ್ಯಾಬ್ ಬರುತ್ತದೆ. ಅಟ್ಟ ಮತ್ತು ಟ್ಯೂಬ್‌ಲೈಟಿನ ಎಕ್ಸ್, ವೈ ಅಂಕೆಗಳನ್ನು ಹಾಳೆಯ ಮೇಲೆ ಬರೆದುಕೊಂಡು, ಅವನ್ನು ಕಟ್ ಮಾಡಿ ಹೊಸ ಟ್ಯಾಬಿನಲ್ಲಿ ಪೇಸ್ಟ್ ಮಾಡಿ, ಅಂಕೆಗಳು ಹೊಂದುತ್ತವೆಯೇ ಎಂದು ತಾಳೆ ನೋಡಿದೆ. ಮೂರು ಆಯಾಮದ ನೋಟದಲ್ಲಿ ಎಲ್ಲವೂ ಮೊದಲಿನಂತೆಯೇ ಒಟ್ಟಿಗೆ ಕಾಣುತ್ತವೆ, ನಕ್ಷೆಯಲ್ಲಿ ಮಾತ್ರ ಮೇಲಿನವು ಕೆಳಗಿನವುಗಳ ಹಾದಿಗೆ ಅಡ್ಡ ಬರುವುದಿಲ್ಲ. ಮರೆಮಾಡಿ ಮರೆತುಬಿಡುವ ಭಯ ಇಲ್ಲಿ ಇಲ್ಲವಾದ್ದರಿಂದ ಅವ್ವನ ಅಟ್ಟಕ್ಕೆ ಇದೇ ಸರಿಯಾದ ಜಾಗವೆನಿಸಿತು.

ಎರಡನೆಯ ಶನಿವಾರ: ಹಗೇವು

ಹಗೇವಿಗಾಗಿ ಋಣ ಅಂಕೆಯ ಎಲಿವೇಶನ್ ಇರುವ ಕೆಳಗಿನ ಮಹಡಿಯೊಂದನ್ನು ಸೇರಿಸಿದೆ, ನೆಲಮಾಳಿಗೆ ಬರೆಯುವವರು ಮಾಡುವ ಹಾಗೆ. ಭಂಡಾರದಲ್ಲಿದ್ದ ದುಂಡು ಮೇಜಿನ ಆಕಾರವನ್ನೇ ತೆಗೆದುಕೊಂಡು ಒಂದನ್ನು 24 ಇಂಚಿಗೂ ಇನ್ನೊಂದನ್ನು 60 ಇಂಚಿಗೂ ಹಿಗ್ಗಿಸಿ "0 ಹಗೇವು ಬಾಯಿ", "0 ಹಗೇವು ಹೊಟ್ಟೆ" ಎಂದು ಹೆಸರಿಟ್ಟೆ. ನಡುಬಿಂದುವನ್ನು ಗೋಡೆಗಳಿಂದ ಅಳೆದ 50 ಮತ್ತು 43 ಇಂಚಿಗೆ ಕೂರಿಸಿದೆ. ಮೇಲಿನ ಮಹಡಿಯ ಆನಿಕೆಗಳನ್ನು ಹೆಸರಿನಿಂದ ಆಯ್ದು, ಅವುಗಳ ಅಂಕೆಗಳನ್ನು ಓದಿ, ಹೊಟ್ಟೆಯ ಅಂಕೆಗಳೊಂದಿಗೆ ಇಟ್ಟು ನೋಡಿದಾಗ ನಾನು ಬರೆದಿದ್ದ ಕಟ್ಟೆಯಲ್ಲಿ ದೋಷವಿರುವುದು ತಿಳಿಯಿತು.

ದಕ್ಷಿಣದ ಆನಿಕೆಯನ್ನು ನಾನು ದಕ್ಷಿಣದ ಗೋಡೆಯಿಂದ 36 ಇಂಚಿನಿಂದ 38 ಇಂಚಿನವರೆಗೆ, ಕಟ್ಟೆಯ ಪೂರ್ತಿ 24 ಇಂಚು ಆಳಕ್ಕೆ ನಿಲ್ಲಿಸಿದ್ದೆ. ಹಗೇವಿನ ನಡುಗೆರೆ 43ರಲ್ಲಿದೆ, ಅಂದರೆ ಆನಿಕೆಯಿಂದ 5 ಇಂಚು ಆಚೆ. ಹೊಟ್ಟೆಯ ಅಂಚು ಪೂರ್ವದ ಗೋಡೆಯತ್ತ 20 ಇಂಚಿನವರೆಗೆ ಚಾಚಿದೆ. ಹೀಗಾಗಿ ಆನಿಕೆಯ ಮುಂಭಾಗದ ಮೂರೂವರೆ ಇಂಚು ಟೊಳ್ಳಿನ ಮೇಲೆ ನಿಲ್ಲುತ್ತಿತ್ತು. ಮೇಲಿನಿಂದ ನೋಡಿದರೆ ಪರಸಿ ಗಟ್ಟಿಯಾಗಿ ಕಾಣುತ್ತದೆ, ಬಾಯಿಯೂ ಒಂದು ಅಡಿಗಿಂತ ಹೆಚ್ಚು ದೂರದಲ್ಲಿದೆ. ಹೊಟ್ಟೆ ಎಲ್ಲಿಯವರೆಗೆ ಬಂದಿದೆಯೆಂಬುದು ನೆಲ ನೋಡಿದವರಿಗೆ ತಿಳಿಯುವಂತಿಲ್ಲ.

ಹಗೇವನ್ನು ಮುರುಮಿನಿಂದ ತುಂಬಿ ಬಡಿದುಬಿಡುವುದು ಒಂದು ಪರಿಹಾರವಾಗಿತ್ತು. ಅದನ್ನು ಅಜ್ಜ ತೋಡಿಸಿದ್ದು, ಇರಲಿ ಎಂದು ಅಪ್ಪ ಹೇಳಿದರು. ಹಾಗಾಗಿ ಆನಿಕೆಗಳನ್ನೇ ಸರಿಸುವುದೆಂದಾಯಿತು. ನಡುಗೆರೆಯಿಂದ ಎರಡೂ ಬದಿಗೆ 24 ಇಂಚು ಬಿಟ್ಟು, ದಕ್ಷಿಣದ್ದನ್ನು ಗೋಡೆಯಿಂದ 17 ಮತ್ತು 19 ಇಂಚಿನ ನಡುವೆಯೂ ಉತ್ತರದ್ದನ್ನು 67 ಮತ್ತು 69 ಇಂಚಿನ ನಡುವೆಯೂ ಕೂರಿಸಿದೆ. ಆನಿಕೆಯ ಆಳವನ್ನು 24 ಇಂಚಿನಿಂದ 18ಕ್ಕೆ ಇಳಿಸಿದೆ. ಆಗ ಆನಿಕೆಯ ಮುಂದಿನ ಮೂಲೆ ಹಗೇವಿನ ನಡುಬಿಂದುವಿನಿಂದ ಗೋಡೆಯ ಉದ್ದಕ್ಕೆ 24 ಇಂಚು, ಗೋಡೆಗೆ ಅಡ್ಡಲಾಗಿ 32 ಇಂಚು ದೂರವಾಗುತ್ತದೆ. ಲಂಬಕೋನ ತ್ರಿಭುಜದ ಲೆಕ್ಕದಲ್ಲಿ ನೇರ ದೂರ 40 ಇಂಚು. ಹೊಟ್ಟೆಯ ತ್ರಿಜ್ಯ 30 ಇಂಚು. ಹತ್ತು ಇಂಚು ಗಟ್ಟಿ ಮಣ್ಣು ನಡುವೆ ಉಳಿಯಿತು.

ಒಂದನ್ನು ಸರಿಸಿದರೆ ಇನ್ನೊಂದು ಅಲುಗುತ್ತದೆ. ದಕ್ಷಿಣದ ಗೋಡೆಗೂ ಆನಿಕೆಗೂ ನಡುವೆ ಸಿಲಿಂಡರಿಗೆಂದು ಇದ್ದ ಜಾಗ ಈಗ 17 ಇಂಚಿಗೆ ಇಳಿದಿತ್ತು. 13 ಇಂಚಿನ ಸಿಲಿಂಡರಿಗೆ ಅದು ಸಾಕಾಗುತ್ತದೆಯೇ ಎಂದು ನೋಡಲು ಮತ್ತೆ ಅದನ್ನು ಹಿಡಿಯಬೇಕಾಯಿತು. ಮೂಲೆಯಲ್ಲಿ ಬಲ ಗುಂಡಿ ಒತ್ತಿ, ಸೆಲೆಕ್ಟ್ ಆಬ್ಜೆಕ್ಟ್ ತೆರೆದು, "1 ಸಿಲಿಂಡರ್" ಆಯ್ದು, ಎರಡೂ ಬದಿಗೆ ಎರಡೆರಡು ಇಂಚು ಉಳಿಯುವಂತೆ ಎಕ್ಸ್ ಅಂಕೆಯನ್ನು ತುಂಬಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಭಾನುವಾರ ಇದೇ ವಸ್ತುವನ್ನು ಇದೇ ಜಾಗದಲ್ಲಿ ಹಿಡಿಯಲು ಒಂದು ಗಂಟೆ ಕಳೆದಿದ್ದೆ. ಎರಡು ಆನಿಕೆಗಳ ನಡುವಿನ 4 ಅಡಿ ಅಂತರ ಹಾಸುಗಲ್ಲಿಗೆ ಹೆಚ್ಚಾಯಿತೆಂದು ಗೌಂಡಿಯವರು ಹೇಳಿದ್ದರಿಂದ ಮುಂದಿನ ಅಂಚಿನಡಿ ಕಬ್ಬಿಣದ ಆ್ಯಂಗಲ್ ಒಂದನ್ನು ನಕ್ಷೆಗೆ ಸೇರಿಸಿದೆ, ಸೇರಿಸಿದ ಗಳಿಗೆಯಲ್ಲೇ "2 ಆ್ಯಂಗಲ್" ಎಂದು ಹೆಸರಿಟ್ಟೆ.

ಸಂಜೆ ಗೌಂಡಿಯವರು ಬಂದಾಗ ನಕ್ಷೆಯ ಒಂದು ಪ್ರತಿಯನ್ನು ಕೈಗೆ ಕೊಟ್ಟು, ಪರದೆಯ ಮೇಲೆ ಅಟ್ಟದ ಪದರ, ಕಟ್ಟೆಯ ಪದರ, ಹಗೇವಿನ ಪದರ ಮೂರನ್ನೂ ಒಂದೊಂದಾಗಿ ತೋರಿಸಿದೆ. ಅವರು ಸೀಮೆಸುಣ್ಣ ತೆಗೆದುಕೊಂಡು ಪರಸಿಯ ಮೇಲೆ 17, 19, 67, 69 ಇಂಚಿಗೆ ಗುರುತು ಹಾಕಿದರು, ಬಳಿಕ ಹಗೇವಿನ ಬಾಯಿಯಿಂದ ದಾರ ಹಿಡಿದು 30 ಇಂಚಿನ ವೃತ್ತವನ್ನು ನೆಲದ ಮೇಲೆಯೇ ಎಳೆದರು. ಅದರ ಗೆರೆ ಆನಿಕೆಯ ಯಾವ ಗುರುತನ್ನೂ ಮುಟ್ಟಲಿಲ್ಲ. ಸೋಮವಾರ ಬೆಳಿಗ್ಗೆ ದಕ್ಷಿಣದ ಆನಿಕೆಗೆ ನೆಲ ಬಿಡಿಸುವುದೆಂದು ಹೇಳಿ, ನಕ್ಷೆಯ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಹೋದರು.